ಕ್ಷೇಮದ ಹೆಸರಿನಲ್ಲಿ ಪಡೆದ ಸಹಿ

ವಂಶವಾಹಿಗಳನ್ನು ತಿದ್ದಿ ಮಕ್ಕಳನ್ನು ಬಾಳಿನುದ್ದಕ್ಕೂ ಸುಖಿಗಳನ್ನಾಗಿಸುವ ಆಸೆಗೆ ಸ್ವೀಡನ್ನಿನ ಹಳೆಯ ಕಡತಗಳಲ್ಲಿ ಎಚ್ಚರಿಕೆಯಿದೆ. 1922ರಲ್ಲಿ ಉಪ್ಸಾಲಾದಲ್ಲಿ ಸರ್ಕಾರವೇ ಜನಾಂಗ ಜೀವವಿಜ್ಞಾನ ಸಂಸ್ಥೆ ತೆರೆಯಿತು. 1934ರಲ್ಲಿ ಸಂತಾನಶಕ್ತಿಹರಣದ ಕಾನೂನು ಬಂತು. 1975ರವರೆಗೆ ಸುಮಾರು 63,000 ಮಂದಿಗೆ, ಬಹುಪಾಲು ಹೆಂಗಸರಿಗೆ, ಆ ಶಸ್ತ್ರಚಿಕಿತ್ಸೆಯಾಯಿತು. ಇದನ್ನು ಜಾರಿಗೆ ತಂದವರಲ್ಲಿ ಎಷ್ಟೋ ಮಂದಿ ಎಲ್ಲರ ಕ್ಷೇಮ ಬಯಸುವ ನಾಡು ಕಟ್ಟುತ್ತಿದ್ದೇವೆಂದೇ ನಂಬಿದ್ದರು. ಅದು ಸರ್ಕಾರದ ಬಲವಂತ, ಇಂದಿನದು ತಂದೆತಾಯಿಯ ಆಯ್ಕೆ ಎಂಬ ವಾದ ಹಗುರವಾದದ್ದಲ್ಲ. ಆದರೆ ಅಲ್ಲೂ ಅನೇಕರ ಸಹಿಯಿತ್ತು: ಸಹಿ ಹಾಕದಿದ್ದರೆ ಆಸ್ಪತ್ರೆಯಿಂದ ಬಿಡುಗಡೆಯಿಲ್ಲ ಎಂಬಂಥ ಇಕ್ಕಟ್ಟಿನಲ್ಲಿ ಪಡೆದ ಸಹಿ. ವಂಶವಾಹಿ ತಿದ್ದುವಾಗಲಂತೂ ಒಪ್ಪಿಗೆ ಕೊಡಬೇಕಾದವರು ಹುಟ್ಟಿಯೇ ಇರುವುದಿಲ್ಲ. ನೋವು ತಗ್ಗಿಸುವ ಚಿಕಿತ್ಸೆ ಬೇಕೇ ಬೇಕು. ಯಾವ ದುಃಖ ರೋಗ, ಯಾವುದು ಅನ್ಯಾಯಕ್ಕೆ ಮನಸ್ಸು ಕೊಡುವ ಉತ್ತರ ಎಂದು ಹುಟ್ಟಲಿರುವವರ ಪರವಾಗಿ ಮೊದಲೇ ತೀರ್ಮಾನಿಸುವ ಹಕ್ಕು ಮಾತ್ರ ಯಾರಿಗೂ ಸಲ್ಲದು. ಅಂಥ ತೀರ್ಮಾನದ ತಪ್ಪು ತಡವಾಗಿ ಅರಿವಾಗುತ್ತದೆ: ಸ್ವೀಡನ್ ಸಂತ್ರಸ್ತರಿಗೆ ತಲಾ 1,75,000 ಕ್ರೋನರ್ ಪರಿಹಾರಕ್ಕೆ ಕಾನೂನು ಮಾಡಿದ್ದು 1999ರಲ್ಲಿ.