ಭವಿ, ಭಕ್ತೆ ಮತ್ತು ಮೋಹನಸ್ವಾಮಿ: ಕನ್ನಡ ಕಥನದಲ್ಲಿ ನಿಷಿದ್ಧ ಪ್ರೇಮ

ಭಿನ್ನ ಮತದವರ ನಡುವಿನ ಒಲವು ಕನ್ನಡ ಕಾವ್ಯಕ್ಕೆ ಹೊಸದಲ್ಲ. ಶಿಕಾರಿಪುರ ತಾಲ್ಲೂಕಿನ ಉಡುತಡಿಯ ಕಥೆಯೇ ಇದಕ್ಕೆ ಸಾಕ್ಷಿ. ಹರಿಹರನ ರಗಳೆಯಲ್ಲಿ ಅರಸ ಕೌಶಿಕ ಭವಿ, ಅಂದರೆ ಶಿವಭಕ್ತನಲ್ಲದವ; ಅವನು ಮೋಹಿಸಿದ ಅಕ್ಕಮಹಾದೇವಿ ಭಕ್ತೆ. ಹೆತ್ತವರ ಮೇಲೆ ಒತ್ತಡ ಬಂದಾಗ ಅವಳು ಷರತ್ತು ಹಾಕುತ್ತಾಳೆ: ತನ್ನ ಲಿಂಗಪೂಜೆಗೆ, ಶರಣರ ಸಂಗಕ್ಕೆ, ಗುರುಸೇವೆಗೆ ಅಡ್ಡಿಪಡಿಸಕೂಡದು. ಅವನು ಮಾತು ತಪ್ಪಿದ. ಅವಳು ಅರಮನೆ ತೊರೆದು ಶ್ರೀಶೈಲದ ದಾರಿ ಹಿಡಿದಳು. ಮದುವೆ ನಡೆಯಿತೇ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ ಭವಿಯ ಮನೆಯಲ್ಲಿ ಭಕ್ತೆ ಬಾಳಬಲ್ಲಳೇ ಎಂಬ ಪ್ರಶ್ನೆಯನ್ನು ಯಾರೂ ಮುಚ್ಚಿಡಲಿಲ್ಲ.

ಸಲಿಂಗ ಪ್ರೇಮಕ್ಕೆ ಆ ಭಾಗ್ಯ ಒದಗಲಿಲ್ಲ. 'ಶರಣ ಸತಿ, ಲಿಂಗ ಪತಿ' ಭಾವದಲ್ಲಿ ಉರಿಲಿಂಗದೇವ, ಗಜೇಶ ಮಸಣಯ್ಯರಂಥ ವಚನಕಾರರು ಹೆಣ್ಣಿನ ದನಿಯಲ್ಲಿ ನುಡಿದರು. ಒಲಿದದ್ದು ಮಾತ್ರ ದೇವರಿಗೆ. ದೇವಿಯ ಆರಾಧನೆಯಲ್ಲೂ ಇದೇ ಮಿತಿ ಕಾಣುತ್ತದೆ. ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ನೆಲೆಸಿದ ದೇವಿ ರೇಣುಕಾಂಬೆ. ರೇಣುಕೆ-ಎಲ್ಲಮ್ಮನ ಪರಂಪರೆಯಲ್ಲಿ ಗಂಡಾಗಿ ಹುಟ್ಟಿ ದೇವಿಗೆ ಮುಡಿಪಾದ ಜೋಗಪ್ಪಂದಿರು ಮುತ್ತು ಕಟ್ಟಿಸಿಕೊಂಡು ಸೀರೆಯುಡುತ್ತಾರೆ. ಭಕ್ತರು ಅವರಿಗೆ ಕೈಮುಗಿಯುತ್ತಾರೆ. ಅದೇ ಜೋಗಪ್ಪ ತನಗೊಬ್ಬ ಸಂಗಾತಿ ಬೇಕೆಂದರೆ ಕೇಳುವ ಕಿವಿಗಳು ವಿರಳ. ನಂಬಿಕೆ ವ್ಯಕ್ತಿಗೆ ಜಾಗ ಕೊಟ್ಟಿತು, ಅವರ ಪ್ರೇಮಕ್ಕೆ ಕೊಡಲಿಲ್ಲ.

ಆ ಪ್ರೇಮವನ್ನು ದೇವರ ಹಂಗಿಲ್ಲದೆ, ಮನೆಯೊಳಗಿನ ಸಂಗತಿಯಾಗಿ ಬರೆದವರು ವಸುಧೇಂದ್ರ. 2013ರಲ್ಲಿ ಬಂದ 'ಮೋಹನಸ್ವಾಮಿ' ಕಥಾಸಂಕಲನದ ನಾಯಕ, ಜೊತೆಯಲ್ಲೇ ಬಾಳಿದ ಕಾರ್ತಿಕ್ ಹೆಣ್ಣೊಬ್ಬಳನ್ನು ಮದುವೆಯಾಗಲು ಹೊರಟಾಗ ಒಳಗೊಳಗೇ ಬೇಯುತ್ತಾನೆ. ಊರಿಗೆ ಹೇಳಿಕೊಳ್ಳುವಂತಿಲ್ಲ, ಬಿಟ್ಟುಹೋದವನ ಮೇಲೆ ಹಕ್ಕು ಸಾಧಿಸಲು ಸಂಬಂಧಕ್ಕೊಂದು ಹೆಸರೂ ಇಲ್ಲ.

ಅದೇ ವರ್ಷದ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್, ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಭಾರತೀಯ ದಂಡ ಸಂಹಿತೆಯ 377ನೇ ಕಲಮನ್ನು ಎತ್ತಿಹಿಡಿಯಿತು. ಆ ಕಲಮು ಉಳಿಯಲೆಂದು ಮೇಲ್ಮನವಿ ಹೂಡಿದವರಲ್ಲಿ ಕ್ರೈಸ್ತ ಸಂಘಟನೆಗಳೂ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿಯೂ ಇದ್ದವು. ಉತ್ತರ ಐರ್ಲೆಂಡಿನಲ್ಲೂ ಹೀಗೆಯೇ ಆಗಿತ್ತು. ಕ್ಯಾಥೊಲಿಕರೂ ಪ್ರೊಟೆಸ್ಟೆಂಟರೂ ಬೀದಿಯಲ್ಲಿ ಕೊಲೆಗಿಳಿದಿದ್ದ ಕಾಲದಲ್ಲಿ, ಸಲಿಂಗ ಸಂಬಂಧ ಅಪರಾಧವಾಗಿಯೇ ಉಳಿಯಲಿ ಎನ್ನುವಾಗ ಕ್ಯಾಥೊಲಿಕ್ ಬಿಷಪರದೂ ಪ್ರೊಟೆಸ್ಟೆಂಟ್ ಪಾದ್ರಿ ಇಯಾನ್ ಪೈಸ್ಲಿಯದೂ ಒಂದೇ ನಿಲುವು. ಆ ಕಾನೂನನ್ನು ಪ್ರಶ್ನಿಸಿದ ಜೆಫ್ರಿ ಡಜನ್ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದಲ್ಲಿ 1981ರಲ್ಲಿ ಗೆದ್ದ ಮೇಲಷ್ಟೇ, 1982ರಲ್ಲಿ, ಅಲ್ಲಿನ ಕಾನೂನು ಬದಲಾಯಿತು.

ಹಾಗಾಗಿ ಈ ಎರಡು ನಿಷೇಧಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು. ಮತಭೇದ ಮೀರಿದ ಪ್ರೇಮಿಗೆ ಒಂದು ಕಡೆಯವರಾದರೂ ಆಸರೆಯಾಗಬಹುದು. ಸಲಿಂಗ ಪ್ರೇಮಿಯ ಎದುರು ಎರಡೂ ಕಡೆಯವರು ಒಂದಾಗಿ ನಿಲ್ಲುತ್ತಾರೆ. ವಸುಧೇಂದ್ರರೇ 2019ರ 'ತೇಜೋ ತುಂಗಭದ್ರಾ' ಕಾದಂಬರಿಯಲ್ಲಿ ಕ್ರೈಸ್ತ ಗೇಬ್ರಿಯಲ್ ಮತ್ತು ಯಹೂದಿ ಬೆಲ್ಲಾಳ ಪ್ರೇಮವನ್ನು ಬರೆದರು. ಈ ಎರಡು ಕೃತಿಗಳನ್ನು ಜೊತೆಗಿಟ್ಟು ಓದುವ ಕೆಲಸವನ್ನು ಕನ್ನಡ ಅಧ್ಯಯನ ವಿಭಾಗಗಳು ಕೈಗೆತ್ತಿಕೊಳ್ಳಬೇಕು. ಆ ಓದು ಉಡುತಡಿಯ ಕಥೆಯಿಂದಲೇ ಆರಂಭವಾಗಲಿ.