ನೀಲಗಿರಿಯ ಪೀಟ್ ಜವುಗುಗಳು: ಪಾಳು ಎನಿಸಿಕೊಂಡ ನೆಲದ ಚರಿತ್ರೆ

ನೀಲಗಿರಿ ಪ್ರಸ್ಥಭೂಮಿಯ ಎತ್ತರದ ಭಾಗದಲ್ಲಿ, ಸಮುದ್ರಮಟ್ಟದಿಂದ ಸುಮಾರು 2,000 ಮೀಟರಿಗೂ ಮೇಲೆ, ಹುಲ್ಲು ಹೊದ್ದ ಗುಡ್ಡಗಳ ನಡುವಿನ ತಗ್ಗುಗಳಲ್ಲಿ ಜವುಗು ನೆಲಗಳಿವೆ. ಅವುಗಳ ಅಡಿಯಲ್ಲಿ ಸಾವಿರಾರು ವರ್ಷಗಳಿಂದ ಕೂಡಿಬಂದ ಕಪ್ಪು ಬಣ್ಣದ, ನಾರು ತುಂಬಿದ ಒಂದು ಪದರವಿದೆ. ಪೀಟ್ ಎಂದು ಕರೆಯುವ ಈ ಪದರ ಹುಟ್ಟುವುದು ಕೊಳೆಯುವ ಕ್ರಿಯೆ ಅರ್ಧಕ್ಕೇ ನಿಂತಾಗ: ಸತ್ತ ಜೊಂಡು, ಹುಲ್ಲು, ಪಾಚಿಗಳು ನೀರಿನಲ್ಲಿ ಮುಳುಗಿ ಗಾಳಿಯ ಸಂಪರ್ಕ ತಪ್ಪಿದಾಗ, ಅದಕ್ಕೆ ಬೆಟ್ಟದ ಚಳಿಯೂ ನೀರಿನ ಆಮ್ಲಗುಣವೂ ಸೇರಿದಾಗ, ಸೂಕ್ಷ್ಮಜೀವಿಗಳ ಕೆಲಸ ತೀರ ನಿಧಾನವಾಗಿ, ಅರೆಕೊಳೆತ ಸಸ್ಯಾಂಶ ಪದರದ ಮೇಲೆ ಪದರವಾಗಿ ಉಳಿಯುತ್ತದೆ. ಜಗತ್ತಿನ ನೆಲಭಾಗದಲ್ಲಿ ಶೇಕಡ 3ರಷ್ಟನ್ನು ಮಾತ್ರ ಆವರಿಸಿರುವ ಪೀಟ್ ನೆಲಗಳು ಮಣ್ಣಿನಲ್ಲಿರುವ ಒಟ್ಟು ಇಂಗಾಲದ ಸುಮಾರು ಮೂರನೆಯ ಒಂದು ಭಾಗವನ್ನು ಹಿಡಿದಿಟ್ಟುಕೊಂಡಿವೆ. ಅವುಗಳಲ್ಲಿ ಹೆಚ್ಚಿನವು ಉತ್ತರದ ಶೀತದೇಶಗಳಲ್ಲಿರುವುದರಿಂದ, ದಕ್ಷಿಣ ಭಾರತದ ಬೆಟ್ಟದ ಮೇಲೆ ಅವು ಇರುವುದೇ ಒಂದು ಅಪರೂಪದ ಸಂಗತಿ.

ಈ ನೆಲವನ್ನು ಬಹುಕಾಲದಿಂದ ಬಲ್ಲವರು ಎಮ್ಮೆ ಸಾಕುವ ತೋಡರು. ಅವರ ಪಾಲಿಗೆ ಗುಡ್ಡದ ಹುಲ್ಲೂ ತಗ್ಗಿನ ಜವುಗೂ ಒಂದೇ ಬದುಕಿನ ಎರಡು ಭಾಗಗಳಾಗಿದ್ದವು. ಹಾಲುಮನೆಯನ್ನೇ ದೇಗುಲವಾಗಿ ಕಾಣುವ ಅವರ ಸಂಪ್ರದಾಯದಲ್ಲಿ ಆ ಕಟ್ಟಡದ ಮಾಡಿಗೆ ಹೊದಿಸುವುದು ಜವುಗಿನಲ್ಲೇ ಬೆಳೆಯುವ ಒಂದು ಹುಲ್ಲನ್ನು. ಆದುದರಿಂದ ಜವುಗು ಒಣಗಿದರೆ ಮೇವಿನ ಜೊತೆಗೆ ಆಚರಣೆಗೂ ಧಕ್ಕೆ ಬರುತ್ತದೆ. ಮೈಸೂರು ಸೀಮೆಯಿಂದ ವಲಸೆ ಬಂದವರೆಂದು ತಮ್ಮ ಪರಂಪರೆಯಲ್ಲಿ ಹೇಳಿಕೊಳ್ಳುವ, ಕನ್ನಡಕ್ಕೆ ತೀರ ಹತ್ತಿರದ ಭಾಷೆಯನ್ನಾಡುವ ಬಡಗರು ಇಳಿಜಾರುಗಳಲ್ಲಿ ಕಿರುಧಾನ್ಯ ಬೆಳೆಯುತ್ತಿದ್ದರು.

1799ರಲ್ಲಿ ಟಿಪ್ಪುವಿನ ಪತನದ ನಂತರ ನೀಲಗಿರಿ ಈಸ್ಟ್ ಇಂಡಿಯಾ ಕಂಪನಿಯ ವಶಕ್ಕೆ ಬಂದಿತು. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸುಲಿವನ್ 1819ರಲ್ಲಿ ಬೆಟ್ಟ ಹತ್ತಿದ ಮೇಲೆ ಊಟಿ ಬೆಳೆಯತೊಡಗಿತು. ಉಳುಮೆಯಿಲ್ಲದ, ಮರವೂ ಇಲ್ಲದ ನೆಲ ಹೊಸ ಆಡಳಿತದ ಕಣ್ಣಿಗೆ ಪಾಳುಭೂಮಿಯಾಗಿಯೇ ಕಂಡಿತು, ಮತ್ತು ಮುಂದಿನ ಎರಡು ಶತಮಾನಗಳ ಹಾನಿಗೆಲ್ಲ ಈ ಎಣಿಕೆಯೇ ಬುನಾದಿಯಾಯಿತೆಂದರೆ ತಪ್ಪಾಗದು. ಪಟ್ಟಣದ ಚಳಿಗೆ ಸೌದೆ ಬೇಕಾಯಿತು. ಕಣಿವೆಗಳಲ್ಲಿನ ಗಿಡ್ಡಮರಗಳ ದಟ್ಟ ಕಾಡುಗಳಾದ ಶೋಲಾಗಳು ಕೊಡಲಿಗೆ ಬಲಿಯಾದವು. ಜವುಗಿನ ಪೀಟನ್ನೂ ಅಗೆದು ಒಣಗಿಸಿ ಉರುವಲಾಗಿ ಉರಿಸಿದ್ದುಂಟು. ಸೌದೆಯ ಈ ಬರವನ್ನು ನೀಗಲೆಂದೇ ಆಸ್ಟ್ರೇಲಿಯದ ಯೂಕಲಿಪ್ಟಸ್ ಮತ್ತು ವ್ಯಾಟಲ್ ಮರಗಳನ್ನು ತಂದು ಹುಲ್ಲುಗಾವಲಿನ ಮೇಲೆ ನೆಡಲಾಯಿತು. ಸ್ವಾತಂತ್ರ್ಯಾನಂತರವೂ ಈ ನೀತಿ ಬದಲಾಗಲಿಲ್ಲ, ಬದಲಿಗೆ ಬಲಗೊಂಡಿತು: ಚರ್ಮ ಹದಮಾಡುವ ಉದ್ಯಮಕ್ಕೆ ವ್ಯಾಟಲ್ ತೊಗಟೆ, ಕೃತಕ ನೂಲಿನ ಕಾರ್ಖಾನೆಗೆ ಯೂಕಲಿಪ್ಟಸ್ ಬೇಕೆಂದು ತೋಪುಗಳು ಹಬ್ಬಿದವು, ಕುಂದಾ ಜಲವಿದ್ಯುತ್ ಯೋಜನೆಯ ಜಲಾಶಯಗಳು ಎತ್ತರದ ಕಣಿವೆಗಳನ್ನು ಮುಳುಗಿಸಿದವು, ಜವುಗುಗಳಿಗೆ ಕಾಲುವೆ ತೋಡಿ ನೀರು ಬಸಿದು ಆಲೂಗಡ್ಡೆ, ಕ್ಯಾರೆಟ್, ಎಲೆಕೋಸು ಬೆಳೆಯಲಾಯಿತು. ಹೀಗೆ ನೀರು ಬಸಿದ ಪೀಟಿಗೆ ಗಾಳಿ ತಾಗಿದೊಡನೆ ನಿಂತುಹೋಗಿದ್ದ ಕೊಳೆಯುವಿಕೆ ಮತ್ತೆ ಮೊದಲಾಗುತ್ತದೆ. ಸಾವಿರಾರು ವರ್ಷ ಕೂಡಿಟ್ಟ ಇಂಗಾಲ ಅನಿಲವಾಗಿ ಹೊರಬೀಳುತ್ತದೆ, ನೆಲ ಕುಸಿಯುತ್ತದೆ.

ಈ ನೆಲದ ಬೆಲೆ ತಿಳಿದದ್ದು ವಿಜ್ಞಾನಿಗಳ ನಡುವಿನ ಒಂದು ಹಳೆಯ ವಿವಾದದಿಂದ. ನೀಲಗಿರಿಯ ಹುಲ್ಲುಗಾವಲು ಸಹಜವಾದುದೋ, ಅಥವಾ ಮನುಷ್ಯರು ಕಾಡು ಸುಟ್ಟು, ದನ ಮೇಯಿಸಿ ಮಾಡಿಕೊಂಡದ್ದೋ ಎಂಬ ಪ್ರಶ್ನೆ ಅರಣ್ಯಶಾಸ್ತ್ರಜ್ಞರನ್ನು ದಶಕಗಳ ಕಾಲ ಕಾಡಿತ್ತು. ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯ ವಿಜ್ಞಾನಿಗಳು ಪೀಟಿನಲ್ಲಿ ಉಳಿದ ಪರಾಗದ ಕಣಗಳಿಂದ ಉತ್ತರ ಹುಡುಕಿದರು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ, ಆನೆಗಳ ಅಧ್ಯಯನಕ್ಕೆ ಹೆಸರಾದ ಆರ್. ಸುಕುಮಾರ್ ಮತ್ತು ಅವರ ಸಹೋದ್ಯೋಗಿಗಳು ಪೀಟಿನಲ್ಲಿನ ಇಂಗಾಲದ ಎರಡು ಸಮಸ್ಥಾನಿಗಳ, ಅಂದರೆ ತೂಕದಲ್ಲಿ ಮಾತ್ರ ಭಿನ್ನವಾದ ಪರಮಾಣುಗಳ, ಪ್ರಮಾಣವನ್ನು ಅಳೆದು 1993ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಉಷ್ಣವಲಯದ ಹುಲ್ಲುಗಳೂ ಮರಗಳೂ ಗಾಳಿಯಿಂದ ಇಂಗಾಲವನ್ನು ಬೇರೆಬೇರೆ ಬಗೆಯಲ್ಲಿ ಹೀರುವುದರಿಂದ, ಯಾವ ಕಾಲದ ಪೀಟಿನಲ್ಲಿ ಯಾವ ಸಸ್ಯದ ಪಾಲು ಹೆಚ್ಚೆಂಬುದನ್ನು ಈ ಪ್ರಮಾಣ ಹೇಳಿಬಿಡುತ್ತದೆ. ಸುಮಾರು 20,000 ವರ್ಷಗಳ ಈ ದಾಖಲೆಯ ಪ್ರಕಾರ, ಹಿಮಯುಗದ ಕಡುಚಳಿಯ ಒಣ ಕಾಲದಲ್ಲಿ ಇಲ್ಲಿ ಹುಲ್ಲೇ ಮೇಲುಗೈ ಪಡೆದಿತ್ತು. ಸುಮಾರು 11,000 ವರ್ಷಗಳ ಹಿಂದೆ ಮುಂಗಾರು ಬಲಗೊಂಡು ತೇವ ಹೆಚ್ಚಿತು. 6,000ದಿಂದ 3,500 ವರ್ಷಗಳ ಹಿಂದೆ ಮತ್ತೆ ಒಣಗಾಲ ಬಂದಿತು. ಇಲ್ಲಿ ಬೇಸಾಯ ಕಾಣಿಸಿಕೊಳ್ಳುವುದಕ್ಕೆ ಬಹಳ ಮುಂಚೆಯೇ ಹುಲ್ಲುಗಾವಲು ಇತ್ತೆಂಬುದು ಇದರಿಂದ ಸಿದ್ಧವಾಯಿತು. ಮರವಿಲ್ಲದ ಗುಡ್ಡ ಕೆಟ್ಟ ಕಾಡೆಂಬ ಭಾವನೆ, ನೂರಾರು ತೋಪುಗಳಿಗೆ ಕಾರಣವಾದ ಆ ಭಾವನೆ, ಆಧಾರವಿಲ್ಲದ್ದೆಂದು ತೋರಿಸಿದ್ದು ತೋಪುಗಳಿಗಾಗಿ ಕಡೆಗಣಿಸಿದ ಇದೇ ಕಪ್ಪು ಮಣ್ಣು.

ಉಳಿದಿರುವ ಜವುಗುಗಳಲ್ಲಿ ಕೀಟ ಹಿಡಿದು ತಿನ್ನುವ ಡ್ರೊಸೆರ ಸಸ್ಯವಿದೆ, ಬೇರೆಲ್ಲೂ ಕಾಣದ ಕಪ್ಪೆಗಳಿವೆ, ಪಶ್ಚಿಮಘಟ್ಟದ ಎತ್ತರದ ಹುಲ್ಲುಗಾವಲನ್ನು ಬಿಟ್ಟರೆ ನೆಲೆಯಿಲ್ಲದ ನೀಲಗಿರಿ ಪಿಪಿಟ್ ಹಕ್ಕಿಯಿದೆ. ಮಳೆನೀರನ್ನು ಹಿಡಿದಿಟ್ಟು ಬೇಸಗೆಯಲ್ಲಿ ಮೆಲ್ಲನೆ ಬಿಡುವ ಈ ತಗ್ಗುಗಳಿಂದ ಹೊರಟ ತೊರೆಗಳಲ್ಲಿ ಹಲವು ಪೈಕಾರ ನದಿಯನ್ನು ಸೇರುತ್ತವೆ. ಅದೇ ಮುಂದೆ ಮೋಯಾರ್ ಆಗಿ, ಬಂಡೀಪುರದ ದಕ್ಷಿಣದ ಗಡಿಯಲ್ಲಿ ಹರಿದು, ಭವಾನಿಯ ಮೂಲಕ ಕಾವೇರಿಗೆ ಕೂಡುತ್ತದೆ.

1986ರಲ್ಲಿ ನೀಲಗಿರಿ ಜೀವಗೋಳ ಮೀಸಲು ಪ್ರದೇಶ ಘೋಷಣೆಯಾಯಿತು, 1990ರಲ್ಲಿ ಮುಕುರ್ತಿ ರಾಷ್ಟ್ರೀಯ ಉದ್ಯಾನವಾಯಿತು. ಉದ್ಯಾನದೊಳಗಿನ ಜವುಗುಗಳಿಗೆ ಇದರಿಂದ ಒಂದು ಮಟ್ಟದ ರಕ್ಷಣೆ ಸಿಕ್ಕಿದೆ. ಆದರೆ ಹಬ್ಬಿದ ವ್ಯಾಟಲನ್ನು ಕಡಿದುಹಾಕಿದರೂ ಅದರ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುವುದರಿಂದ ಹುಲ್ಲುಗಾವಲಿನ ಪುನಶ್ಚೇತನ ಒಂದೆರಡು ಋತುಗಳಲ್ಲಿ ಮುಗಿಯುವ ಕೆಲಸವಲ್ಲ. 2017ರ ಜೌಗುಭೂಮಿ ಸಂರಕ್ಷಣಾ ನಿಯಮಗಳು ಪೀಟ್ ನೆಲವನ್ನು ತಮ್ಮ ವ್ಯಾಖ್ಯೆಯಲ್ಲಿ ಹೆಸರಿಸಿದರೂ, ಅರಣ್ಯ ಕಾಯ್ದೆಗಳ ವ್ಯಾಪ್ತಿಯ ಜೌಗುಗಳನ್ನು ಹೊರಗಿಟ್ಟಿವೆ; ಮರವನ್ನೇ ಎಣಿಸಿ ರೂಢಿಯಾದ ಅರಣ್ಯಾಡಳಿತ ಮರವಿಲ್ಲದ ಒದ್ದೆ ನೆಲವನ್ನೂ ಅಷ್ಟೇ ಕಾಳಜಿಯಿಂದ ಗುರುತಿಸಿ, ಅಳೆದು, ನಕ್ಷೆಗೆ ತರುವುದು ಈಗ ಆಗಲೇಬೇಕಾದ ಕೆಲಸ.