ಬಾಬರ್ (ಮೋಟಾರ್‌ಸೈಕಲ್)

ಬಾಬರ್ ಎಂಬುದು ಅನಾವಶ್ಯಕವೆನಿಸಿದ ಭಾಗಗಳನ್ನು ತೆಗೆದುಹಾಕಿ, ಹಿಂಬದಿಯ ಮಡ್‌ಗಾರ್ಡನ್ನು ಮೊಟಕುಗೊಳಿಸಿ ಮಾರ್ಪಡಿಸಿದ ಮೋಟಾರ್‌ಸೈಕಲ್. ಇಂಗ್ಲಿಷಿನ 'ಬಾಬ್' ಎಂಬ ಕ್ರಿಯಾಪದಕ್ಕೆ ಗಿಡ್ಡವಾಗಿ ಕತ್ತರಿಸು ಎಂಬ ಅರ್ಥವಿದೆ. ಕೇಶಾಲಂಕಾರದ 'ಬಾಬ್ ಕಟ್' ಕೂಡ ಇದೇ ಪದದಿಂದ ಬಂದಿದೆ. ಮೊಗಲ್ ದೊರೆ ಬಾಬರನಿಗೂ ಈ ಹೆಸರಿಗೂ ಸಂಬಂಧವಿಲ್ಲ. ಆರಂಭದಲ್ಲಿ ಇಂತಹ ವಾಹನಗಳನ್ನು 'ಬಾಬ್ ಜಾಬ್' ಎಂದು ಕರೆಯಲಾಗುತ್ತಿತ್ತು.

ಇತಿಹಾಸ

ಬಾಬರ್ ಶೈಲಿಯು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ರೂಪುಗೊಂಡಿತು. 1920ರ ದಶಕದಲ್ಲಿ ಹಾರ್ಲೆ-ಡೇವಿಡ್‌ಸನ್ ಕಂಪನಿಯ ಜೆ ಸರಣಿಯ ಬೈಕ್‌ಗಳ ಫ್ರೇಮನ್ನು ಗಿಡ್ಡಗೊಳಿಸಿ ತಗ್ಗಿಸಿದ 'ಕಟ್ ಡೌನ್'ಗಳು ಇದರ ಪೂರ್ವಜರು. 1930ರ ದಶಕದಲ್ಲಿ ಸಾಮಾನ್ಯ ಮಾರಾಟದ ಬೈಕ್‌ಗಳನ್ನೇ ಹಗುರಗೊಳಿಸಿ ಓಡಿಸುವ ಸಿ ವರ್ಗದ ಸ್ಪರ್ಧೆಗಳು ಅಲ್ಲಿ ಜನಪ್ರಿಯವಾದವು. ಸ್ಪರ್ಧಿಗಳು ಮುಂದಿನ ಮಡ್‌ಗಾರ್ಡನ್ನು ಕಳಚುತ್ತಿದ್ದರು, ಹಿಂದಿನದನ್ನು ಕತ್ತರಿಸುತ್ತಿದ್ದರು. ಅವರನ್ನು ನೋಡಿ ರಸ್ತೆಯ ಸವಾರರೂ ಹಾಗೆಯೇ ಮಾಡತೊಡಗಿದರು. ಎರಡನೇ ಮಹಾಯುದ್ಧದ ಅನಂತರ ಸೇನೆಗೆ ಬೇಡವಾದ ಹಾರ್ಲೆ ಡಬ್ಲ್ಯು‌ಎಲ್‌ಎ ಬೈಕ್‌ಗಳು ಅಗ್ಗವಾಗಿ ದೊರೆತದ್ದು ಈ ಹವ್ಯಾಸಕ್ಕೆ ಬಲ ನೀಡಿತು.

ಬಾಬರ್ ಹಾಗೂ ಚಾಪರ್ ಒಂದೇ ಅಲ್ಲ. ಚಾಪರ್‌ನಲ್ಲಿ ಫ್ರೇಮಿನ ಕುತ್ತಿಗೆಯನ್ನೇ ಕೊಯ್ದು ಕೋನ ಬದಲಿಸಿ ಉದ್ದನೆಯ ಫೋರ್ಕ್ ಜೋಡಿಸುವುದು ವಾಡಿಕೆ. 1969ರ 'ಈಸಿ ರೈಡರ್' ಚಲನಚಿತ್ರದ ಬೈಕ್‌ಗಳು ಅದಕ್ಕೆ ಪ್ರಸಿದ್ಧ ನಿದರ್ಶನ. ಬಾಬರ್‌ನಲ್ಲಿ ಸಾಮಾನ್ಯವಾಗಿ ಮೂಲ ಫ್ರೇಮಿನ ಮುಂಭಾಗ ಹಾಗೆಯೇ ಉಳಿಯುತ್ತದೆ. ತೆಗೆಯುವುದೇ ಇಲ್ಲಿ ಮುಖ್ಯ, ಸೇರಿಸುವುದು ಅಲ್ಪ.

ಹಳೆಯ ಬೈಕಿನಿಂದ ನಿರ್ಮಾಣ

ಮೊದಲು ಬೈಕನ್ನು ಪೂರ್ತಿ ಬಿಚ್ಚಿ ಫ್ರೇಮ್ ನೇರವಾಗಿದೆಯೇ, ಬಿರುಕು ಬಿಟ್ಟಿದೆಯೇ ಎಂದು ಪರೀಕ್ಷಿಸಲಾಗುತ್ತದೆ. ಅಪಘಾತದಲ್ಲಿ ಬಾಗಿದ ಫ್ರೇಮಿನ ಮೇಲೆ ಮಾಡಿದ ಕೆಲಸವೆಲ್ಲ ವ್ಯರ್ಥ. ಅನಂತರ ಅಗಲವಾದ ಟೈರು, ಒಂಟಿ ಸೀಟು, ತಗ್ಗಾದ ಹ್ಯಾಂಡಲ್ ಮುಂತಾದವನ್ನು ಬಣ್ಣ ಬಳಿಯುವ ಮುನ್ನವೇ ತಾತ್ಕಾಲಿಕವಾಗಿ ಜೋಡಿಸಿ ನೋಡುತ್ತಾರೆ. ದಪ್ಪ ಟೈರು ಹಾಕಿದಾಗ ಅದು ಚೈನಿಗೆ ಇಲ್ಲವೇ ಫ್ರೇಮಿಗೆ ತಾಗುವುದು ಸಾಮಾನ್ಯ ತೊಡಕು. ಹಿಂದಿನ ಹಾಗೂ ಮುಂದಿನ ಸ್ಪ್ರಾಕೆಟ್‌ಗಳು ಒಂದೇ ನೇರದಲ್ಲಿರದಿದ್ದರೆ ಚೈನ್ ಬೇಗ ಸವೆದು ಕಳಚಿಕೊಳ್ಳಬಹುದು.

ಅತ್ಯಂತ ಎಚ್ಚರ ಬೇಕಾದ ಹಂತವೆಂದರೆ ಹಿಂದಿನ ಮಡ್‌ಗಾರ್ಡ್. ಅದನ್ನು ಫ್ರೇಮಿಗೆ ಬಿಗಿದರೆ, ಗುಂಡಿಯಲ್ಲಿ ಚಕ್ರ ಮೇಲೆದ್ದಾಗ ತಾಗದಂತೆ ಶಾಕ್ ಅಬ್ಸಾರ್ಬರ್ ಚಲಿಸುವಷ್ಟು ಅಂತರವನ್ನು ಬಿಡಲೇಬೇಕು. ಸ್ವಿಂಗ್ ಆರ್ಮ್‌ಗೆ ಬಿಗಿದರೆ ಅದು ಚಕ್ರದೊಡನೆಯೇ ಚಲಿಸುವುದರಿಂದ ಟೈರಿಗೆ ಹತ್ತಿರ ಕೂರಿಸಬಹುದು, ಆದರೆ ಅದುರುವಿಕೆಯಿಂದ ಕೊಂಡಿಗಳು ಬಿರಿಯುವ ಸಂಭವ ಹೆಚ್ಚು. ಕೆಲವರು ಶಾಕ್ ಅಬ್ಸಾರ್ಬರ್‌ಗಳನ್ನೇ ತೆಗೆದು ಬಿಗಿಯಾದ ಹಿಂಭಾಗವನ್ನು ವೆಲ್ಡ್ ಮಾಡಿಸುತ್ತಾರೆ. ಇದಕ್ಕೆ 'ಹಾರ್ಡ್‌ಟೇಲ್' ಎಂದು ಹೆಸರು. ಆಗ ರಸ್ತೆಯ ಹೊಡೆತವನ್ನು ತಡೆಯಲು ಟೈರಿನ ಗಾಳಿ ಮತ್ತು ಸೀಟಿನ ಕೆಳಗಿನ ಸ್ಪ್ರಿಂಗುಗಳಷ್ಟೇ ಉಳಿಯುತ್ತವೆ. ಇಲ್ಲಿ ವೆಲ್ಡಿಂಗ್ ಕಳಪೆಯಾದರೆ ಓಡುತ್ತಿರುವಾಗಲೇ ಫ್ರೇಮ್ ಮುರಿಯಬಹುದಾದ್ದರಿಂದ ಇದು ಹವ್ಯಾಸಿಗಳ ಕೆಲಸವಲ್ಲ.

ಸೈಲೆನ್ಸರ್ ಅಥವಾ ಗಾಳಿ ಶೋಧಕ ಬದಲಾದರೆ ಎಂಜಿನ್‌ಗೆ ಸೇರುವ ಗಾಳಿ ಮತ್ತು ಪೆಟ್ರೋಲಿನ ಪ್ರಮಾಣ ವ್ಯತ್ಯಾಸವಾಗುತ್ತದೆ. ಕಾರ್ಬ್ಯುರೇಟರಿನ ಜೆಟ್ ಬದಲಿಸದೆ ಓಡಿಸಿದರೆ ಎಂಜಿನ್ ಅತಿಯಾಗಿ ಕಾಯಬಹುದು.

ಭಾರತದಲ್ಲಿ ಕಾನೂನು

ಭಾರತದಲ್ಲಿ ಬಾಬರ್ ಕಟ್ಟುವವರಿಗೆ ನಿಜವಾದ ಅಡ್ಡಿ ಯಂತ್ರದ್ದಲ್ಲ, ನೋಂದಣಿಯದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಪ್ರಕರಣದ ಪ್ರಕಾರ ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನೀಡಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಿದೆ. ಇದಲ್ಲದೆ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮವು ಹಿಂಬದಿ ಸವಾರರಿಗಾಗಿ ಹಿಡಿಕೆ, ಫುಟ್‌ರೆಸ್ಟ್ ಹಾಗೂ ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಕನಿಷ್ಠ ಅರ್ಧಭಾಗವನ್ನು ಮುಚ್ಚುವ ರಕ್ಷಕ ಇರಬೇಕೆನ್ನುತ್ತದೆ. ಸೀರೆಯ ಸೆರಗು, ದುಪಟ್ಟಾ ಚಕ್ರಕ್ಕೆ ಸಿಲುಕುವ ಅಪಾಯವನ್ನು ತಪ್ಪಿಸಲು ಇರುವ ಈ ಭಾಗವೇ ಬಾಬರ್ ಕಟ್ಟುವವರು ಮೊದಲು ಕಳಚುವ ಭಾಗವೂ ಹೌದು.

ಹಳೆಯ ಬೈಕ್‌ಗಳ ವಿಷಯದಲ್ಲಿ ಇನ್ನೊಂದು ಆಕ್ಷೇಪವಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಜಾವಾ, ಯೆಜ್ಡಿಗಳ ಫ್ರೇಮನ್ನು ಒಮ್ಮೆ ಕೊಯ್ದರೆ ಮತ್ತೆ ಮೂಲರೂಪಕ್ಕೆ ತರುವುದು ಬಹಳ ಕಷ್ಟ.

ಕಾರ್ಖಾನೆಯ ಮಾದರಿಗಳು

ಶೈಲಿಯ ಜನಪ್ರಿಯತೆಯನ್ನು ಕಂಡು ತಯಾರಕರೇ ಬಾಬರ್‌ಗಳನ್ನು ಹೊರತಂದಿದ್ದಾರೆ. 2016ರಲ್ಲಿ ಅನಾವರಣಗೊಂಡ 1200 ಸಿಸಿಯ ಟ್ರಯಂಫ್ ಬಾನವಿಲ್ ಬಾಬರ್‌ನಲ್ಲಿ ಶಾಕ್ ಅಬ್ಸಾರ್ಬರನ್ನು ಮರೆಮಾಡಿ ಹಾರ್ಡ್‌ಟೇಲ್‌ನಂತೆ ತೋರುವ ಹಿಂಭಾಗ ನೀಡಲಾಗಿದೆ. ಇಂಡಿಯನ್ ಸ್ಕೌಟ್ ಬಾಬರ್ 2017ರಲ್ಲಿ ಬಂದಿತು. ಭಾರತದಲ್ಲಿ ಜಾವಾ ಪೆರಾಕ್ 2019ರಲ್ಲಿಯೂ, ಜಾವಾ 42 ಬಾಬರ್ 2022ರಲ್ಲಿಯೂ, ರಾಯಲ್ ಎನ್‌ಫೀಲ್ಡ್ ಗೋವನ್ ಕ್ಲಾಸಿಕ್ 350 2024ರಲ್ಲಿಯೂ ಮಾರುಕಟ್ಟೆಗೆ ಬಂದವು. ತಯಾರಕರೇ ಅನುಮೋದನೆ ಪಡೆದಿರುವುದರಿಂದ ಇವುಗಳ ನೋಂದಣಿಗೆ ಮೇಲಿನ ತೊಡಕಿಲ್ಲ.